ಬಿಟ್ಟು ಹೋದವರ ಲೆಕ್ಕ ಯಾರ ಹತ್ರ ಇದೆ?

(ಕೊಪ್ಪಳದಲ್ಲಿ ಸಣ್ಣ ಕೈಗಾರಿಕೆ ನಡೆಸುವವರು ಮತ್ತು ಕೊನೇ ವರ್ಷದ ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತು ಇದು. ಮೈಕ್ ಎರಡು ಸಲ ಕೈಕೊಟ್ಟಿತ್ತು, ಹಿಂದೆ ಕೂತವರಿಗೆ ಅರ್ಧಂಬರ್ಧ ಕೇಳಿಸಿದೆ. ಬರೆದು ಕೊಡಿ ಅಂದರು, ಬರೆದಿದ್ದೇನೆ. ಕೆಲವು ಕಡೆ ಸ್ವಲ್ಪ ತಿದ್ದಿದ್ದೇನೆ, ಕೊನೆಗೆ ಚಹಾ ಕುಡಿಯುವಾಗ ನಡೆದದ್ದನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟ ವಿಷಯ ‘ಉದ್ಯೋಗಿಗಳ ದತ್ತಾಂಶ ಮತ್ತು ಸ್ಥಳೀಯರ ನೇಮಕಾತಿ’. ದತ್ತಾಂಶ ಅನ್ನುವ ಶಬ್ದ ಕೇಳಿದರೆ ಈಗಲೂ ಪರೀಕ್ಷೆ ಹಾಲಿನಲ್ಲಿ ಕೂತ ಹಾಗಾಗುತ್ತದೆ. ನಾನು ಟೈಮ್ ಆಫೀಸಿನಲ್ಲಿ ಬೆಳೆದವನು. ಅಲ್ಲಿ ನಾವು ಇದಕ್ಕೆ ಮಸ್ಟರ್, ಹಾಜರಿ, ರಿಜಿಸ್ಟರ್ ಅನ್ನುತ್ತಿದ್ದೆವು. ಆಮೇಲೆ ಎಕ್ಸೆಲ್ ಬಂತು, ಆಮೇಲೆ ಬೆರಳು ಒತ್ತುವ ಮಷೀನ್ ಬಂತು, ನನ್ನ ಹುದ್ದೆಯ ಹೆಸರೂ ಎಚ್‌ಆರ್ ಅಂತ ಆಯಿತು. ಕೆಲಸ ಮಾತ್ರ ಅದೇ. ಯಾರು ಬಂದರು, ಯಾರು ಬರಲಿಲ್ಲ.

ಒಂದು ಮಾತಿನಿಂದ ಶುರು ಮಾಡುತ್ತೇನೆ. ಗಿಣಿಗೇರಾದಿಂದ ತೋರಣಗಲ್ಲಿನ ತನಕ ಯಾವುದೇ ಕಾರ್ಖಾನೆ ಗೇಟಿನ ಹತ್ತಿರ ನಿಂತು ಸೂಪರ್‌ವೈಸರ್ ಒಬ್ಬರನ್ನ ಕೇಳಿ, ‘ಯಾಕ್ರಿ, ಊರಿನ ಹುಡುಗರನ್ನ ತಗೊಳಲ್ಲ?’ ಅಂತ. ಉತ್ತರ ಬಾಯಲ್ಲೇ ಇರುತ್ತದೆ. ‘ತಗೋತೀವ್ರಿ, ಲೋಕಲ್ ಹುಡುಗ್ರು ನಿಲ್ಲಂಗಿಲ್ಲ.’ ಇದನ್ನ ನಾನೂ ಹೇಳಿದ್ದೇನೆ. ಒಂದು ಸಲ ಅಲ್ಲ, ಹತ್ತಾರು ವರ್ಷ ಹೇಳಿದ್ದೇನೆ, ಮೀಟಿಂಗಿನಲ್ಲಿ ತಲೆ ಅಲ್ಲಾಡಿಸಿಕೊಂಡು ಹೇಳಿದ್ದೇನೆ. ಆ ಮಾತನ್ನ ನಾನು ಹೇಗೆ ನುಂಗಬೇಕಾಯಿತು ಅನ್ನುವುದೇ ಇವತ್ತಿನ ಕಥೆ. ಅದಕ್ಕೆ ಮುಂಚೆ ಕೋಟಾ ವಿಷಯ ಸ್ವಲ್ಪ ಬಗೆಹರಿಸಿಕೊಳ್ಳೋಣ, ಯಾಕೆಂದರೆ ನಮ್ಮ ಕಡೆ ಇದರ ಬಗ್ಗೆ ಗೊಂದಲ ಜಾಸ್ತಿ.

ನಮಗೆಲ್ಲ ಗೊತ್ತಿರುವ ಕೋಟಾ 371ಜೆ ವಿಧಿಯದ್ದು. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದದ್ದು, 2013ರಿಂದ ಜಾರಿಯಲ್ಲಿದೆ. ನಮ್ಮ ಕಲ್ಯಾಣ ಕರ್ನಾಟಕ ಭಾಗದ ಸರ್ಕಾರಿ ಹುದ್ದೆಗಳಲ್ಲಿ ಗ್ರೂಪ್ ಎ ಕಿರಿಯ ಶ್ರೇಣಿ ಮತ್ತು ಗ್ರೂಪ್ ಬಿಗೆ ಶೇ 75, ಗ್ರೂಪ್ ಸಿಗೆ ಶೇ 80, ಗ್ರೂಪ್ ಡಿಗೆ ಶೇ 85 ಸ್ಥಳೀಯರಿಗೆ. ಭಾಗದ ಹೊರಗೆ, ರಾಜ್ಯ ಮಟ್ಟದ ಕಚೇರಿಗಳಲ್ಲಿ ಶೇ 8. ಸಹಾಯಕ ಆಯುಕ್ತರ ಕಚೇರಿಯಿಂದ ಸರ್ಟಿಫಿಕೇಟ್ ತರಲು ಸಾಲು ನಿಂತವರು ಈ ಹಾಲಿನಲ್ಲೇ ಎಷ್ಟೋ ಜನ ಇದ್ದೀರಿ. ಆದರೆ ಅದೇ ಸರ್ಟಿಫಿಕೇಟ್ ಹಿಡಿದುಕೊಂಡು ಕಾರ್ಖಾನೆ ಗೇಟಿಗೆ ಬಂದು ‘ಸಾರ್, ನಾನು 371ಜೆ’ ಅನ್ನುವ ಹುಡುಗರನ್ನ ನಾನು ನೋಡಿದ್ದೇನೆ. ಖಾಸಗಿ ಕಂಪನಿಗೆ ಅದು ಅನ್ವಯ ಆಗಲ್ಲ. ಪಾಪ, ಅವನಿಗೆ ಯಾರೂ ಹೇಳಿರುವುದಿಲ್ಲ.

ಖಾಸಗಿಯಲ್ಲಿ ಏನಿದೆ ಅಂದರೆ, ನಾಲ್ಕು ದಶಕದ ಮಾತುಕತೆ ಇದೆ. 1983ರಲ್ಲಿ ಸರೋಜಿನಿ ಮಹಿಷಿ ಅವರ ಸಮಿತಿ ಆಯಿತು, 58 ಶಿಫಾರಸು ಬಂದವು. ಸರ್ಕಾರದ ರಿಯಾಯಿತಿ ಪಡೆಯುವ ಉದ್ಯಮಗಳಿಗೆ ಕೈಗಾರಿಕಾ ನೀತಿಯಲ್ಲಿ ಒಟ್ಟಾರೆ ಶೇ 70, ಡಿ ಗುಂಪಿನಲ್ಲಿ ಪೂರ್ತಿ ಕನ್ನಡಿಗರು ಅಂತ ಬರೆದರು. 2024ರ ಜುಲೈನಲ್ಲಿ ಮಸೂದೆಯೊಂದಕ್ಕೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು: ಮ್ಯಾನೇಜ್‌ಮೆಂಟ್ ಹುದ್ದೆಗಳಲ್ಲಿ ಶೇ 50, ಉಳಿದದ್ದರಲ್ಲಿ ಶೇ 70 ಸ್ಥಳೀಯರು. ಬೆಂಗಳೂರಿನಲ್ಲಿ ಗದ್ದಲ ಎದ್ದಿತು, ಎರಡೇ ದಿನದಲ್ಲಿ ಅದನ್ನ ತಡೆದು ಇಟ್ಟರು. ಅದಕ್ಕೆ ಮುಂಚೆ ಹರಿಯಾಣದವರು ತಿಂಗಳಿಗೆ 30,000 ರೂಪಾಯಿ ಒಳಗಿನ ಕೆಲಸಗಳಲ್ಲಿ ಶೇ 75 ಅಂತ ಕಾಯ್ದೆಯನ್ನೇ ಮಾಡಿದ್ದರು, 2023ರ ನವೆಂಬರ್‌ನಲ್ಲಿ ಅಲ್ಲಿನ ಹೈಕೋರ್ಟ್ ರದ್ದು ಮಾಡಿತು.

ಇದರಲ್ಲಿ ಯಾವುದು ಸರಿ, ಯಾವುದು ತಪ್ಪು ಅಂತ ಹೇಳಲು ನಾನು ಬಂದಿಲ್ಲ. ಟೈಮ್ ಆಫೀಸಿನವನಿಗೆ ಕಾಣುವುದು ಬೇರೆ. ಇವೆಲ್ಲ ‘ಶೇಕಡಾ’ ಮೇಲೆ ನಿಂತಿವೆ. ಶೇಕಡಾ ಅಂದರೆ ಮೇಲೊಂದು ಅಂಕಿ, ಕೆಳಗೊಂದು ಅಂಕಿ. ಎಲ್ಲರ ಕಣ್ಣೂ ಮೇಲಿನ ಅಂಕಿಯ ಮೇಲೆ. ಆಟ ನಡೆಯುವುದು ಕೆಳಗಿನ ಅಂಕಿಯಲ್ಲಿ.

ಒಂದು ಅನುಭವ ಹೇಳುತ್ತೇನೆ. ಕಂಪನಿ ಹೆಸರು ಕೇಳಬೇಡಿ, ಹೇಳಲ್ಲ. ಒಂದು ಸಲ ಮೇಲಿನಿಂದ ಫೋನ್ ಬಂತು, ಸ್ಥಳೀಯರು ಎಷ್ಟು ಪರ್ಸೆಂಟ್ ಇದ್ದಾರೆ ಅಂತ ಸಂಜೆ ಒಳಗೆ ಬೇಕು. ನಾನು ಹಾಳೆ ಮಾಡಿದೆ. ಕಂಪನಿ ರೋಲ್, ಅಂದರೆ ಕಂಪನಿಯೇ ನೇರವಾಗಿ ಸಂಬಳ ಕೊಡುವವರ ಪಟ್ಟಿ, ತೆಗೆದುಕೊಂಡರೆ ಅಂಕಿ ಚೆನ್ನಾಗಿ ಬಂತು, ಯಾಕೆಂದರೆ ಆಫೀಸು, ಗಾರ್ಡನ್, ಡ್ರೈವರ್‌ಗಳು ಎಲ್ಲ ನಮ್ಮ ಊರಿನವರು. ಆದರೆ ಒಳಗೆ ಫರ್ನೇಸ್ ಹತ್ತಿರ, ಲೋಡಿಂಗ್‌ನಲ್ಲಿ, ಮೆಂಟೆನೆನ್ಸ್‌ನಲ್ಲಿ ಇದ್ದವರು ಬಹಳಷ್ಟು ಮಂದಿ ಗುತ್ತಿಗೆಯವರು. ಅವರು ನಮ್ಮ ರೋಲಿನಲ್ಲೇ ಇಲ್ಲ. ಅವರನ್ನ ಸೇರಿಸಿ ಇನ್ನೊಂದು ಹಾಳೆ ಮಾಡಿದೆ. ಅಂಕಿ ಅರ್ಧಕ್ಕೆ ಇಳಿಯಿತು. ಎರಡೂ ಹಾಳೆ ಒಯ್ದು ಟೇಬಲ್ ಮೇಲೆ ಇಟ್ಟೆ. ಸಾಹೇಬರು ಎರಡನ್ನೂ ನೋಡಿದರು, ಮೊದಲನೆಯದನ್ನ ಫೈಲಿಗೆ ಹಾಕಿದರು, ಎರಡನೆಯದರ ಹಿಂದುಗಡೆ ಯಾವುದೋ ಫೋನ್ ನಂಬರ್ ಬರೆದುಕೊಂಡರು. ನಾನೂ ಸುಮ್ನೆ ವಾಪಸ್ ಬಂದೆ. ಸುಳ್ಳು ಯಾರೂ ಹೇಳಲಿಲ್ಲ ಅಲ್ವಾ? ಎರಡೂ ಹಾಳೆ ನಿಜವೇ.

ಈ ಕೆಳಗಿನ ಅಂಕಿಯ ಜಗಳ ಸುಪ್ರೀಂ ಕೋರ್ಟಿನ ತನಕ ಹೋಗಿದೆ. ಸರ್ಕಾರಿ ನೌಕರರು ಇಲ್ಲಿ ಇದ್ದರೆ ಅವರಿಗೆ ರೋಸ್ಟರ್ ಬಿಂದು, ಅಂದರೆ ಎಷ್ಟನೇ ಜಾಗ ಯಾವ ಮೀಸಲು ವರ್ಗಕ್ಕೆ ಅನ್ನುವ ಪಟ್ಟಿಯ ಗುರುತು, ಗೊತ್ತಿರುತ್ತದೆ. ಮೊದಲು ಖಾಲಿ ಜಾಗ ಬಂದ ಹಾಗೆ ಬಿಂದು ಎಣಿಸುತ್ತಿದ್ದರು. 1995ರಲ್ಲಿ ಸಭರ್ವಾಲ್ ಪ್ರಕರಣದಲ್ಲಿ ಕೋರ್ಟು ಹೇಳಿತು: ಎಣಿಸಬೇಕಾದ್ದು ಹುದ್ದೆಗಳನ್ನ, ಖಾಲಿ ಜಾಗಗಳನ್ನಲ್ಲ. ಎಲ್ಲ ಬಿಂದು ತುಂಬಿದ ಮೇಲೆ, ಯಾವ ಬಿಂದುವಿನವರು ನಿವೃತ್ತರಾದರೋ ಆ ಜಾಗಕ್ಕೆ ಅದೇ ವರ್ಗದವರು ಬರಬೇಕು. 1997ರಲ್ಲಿ ಕೇಂದ್ರ ಸರ್ಕಾರ ರೋಸ್ಟರನ್ನೇ ಬದಲು ಮಾಡಿತು. ಏನನ್ನ ಎಣಿಸಬೇಕು ಅನ್ನುವ ಒಂದೇ ಪ್ರಶ್ನೆಗೆ ಎಷ್ಟು ಜನರ ಬದುಕು ಅಂಟಿಕೊಂಡಿತ್ತು ನೋಡಿ.

ಗುತ್ತಿಗೆಯವರನ್ನ ಬಿಡದೆ ಎಣಿಸುವ ಒಂದು ನಿಯಮವೂ ನಮ್ಮಲ್ಲಿದೆ, ಅಪ್ರೆಂಟಿಸ್ ನಿಯಮ, ಅಂದರೆ ಕೆಲಸ ಕಲಿಯಲು ಬರುವವರದ್ದು. 30 ಮತ್ತು ಅದಕ್ಕಿಂತ ಜಾಸ್ತಿ ಜನ ಇರುವ ಉದ್ಯಮ ಒಟ್ಟು ಸಂಖ್ಯೆಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನ ತೆಗೆದುಕೊಳ್ಳಬೇಕು, ಆ ಒಟ್ಟಿನಲ್ಲಿ ಗುತ್ತಿಗೆ ಕೆಲಸಗಾರರೂ ಸೇರುತ್ತಾರೆ. ನಿಮ್ಮ ರೋಲಿನಲ್ಲಿ 60 ಜನ, ಗುತ್ತಿಗೆಯಲ್ಲಿ 140 ಜನ ಇದ್ದರೆ ಲೆಕ್ಕ 200ರ ಮೇಲೆ. ಕನಿಷ್ಠ 5 ಜನ. 60ರ ಮೇಲೆ ಲೆಕ್ಕ ಹಾಕಿ ‘ಇಬ್ಬರನ್ನ ತಗೊಂಡಿದೀವಿ, ಸಾಕು’ ಅಂತ ಕೂತವರು ಇಲ್ಲಿ ಮುಂದಿನ ಸಾಲಿನಲ್ಲೇ ಇದ್ದರೆ ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ.

ಹೊರಗಿನ ದೇಶದ ಮಾತೂ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಕೋಟಾವನ್ನ ಪೂರ್ತಿ ಕಂಪ್ಯೂಟರಿನ ಮೇಲೆ ನಡೆಸಿದವರು ಅವರು. ನನ್ನ ಜೊತೆ ಕೆಲಸ ಮಾಡಿದ ಗಂಗಾವತಿಯ ಫಿಟ್ಟರ್ ಒಬ್ಬ ಸೌದಿಯ ಜುಬೈಲ್‌ನಲ್ಲಿ ಕೆಲವು ವರ್ಷ ಇದ್ದು ಬಂದ. ಅವನು ವಾಪಸ್ ಬಂದಾಗ ಹೇಳಿದ್ದು, ‘ನಮ್ಮ ಕಂಪನಿ ಕೆಂಪಿಗೆ ಬಿತ್ರಿ, ಅದಕ್ಕ ಬಂದೆ.’ ನನಗೆ ಅರ್ಥ ಆಗಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ. 2011ರಲ್ಲಿ ಸೌದಿ ಸರ್ಕಾರ ನಿತಾಕಾತ್ ಅಂತ ಒಂದು ಪದ್ಧತಿ ತಂತು. ಪ್ರತಿ ಕಂಪನಿಯಲ್ಲಿ ಸೌದಿ ಪ್ರಜೆಗಳು ಎಷ್ಟು ಅಂತ ನೋಡಿ, ಯಾವ ವ್ಯಾಪಾರ, ಎಷ್ಟು ದೊಡ್ಡ ಕಂಪನಿ ಅನ್ನುವುದರ ಮೇಲೆ ಬಣ್ಣ ಕೊಟ್ಟರು. ಪ್ಲಾಟಿನಂ, ಹಸಿರು, ಹಳದಿ, ಕೆಂಪು. ಕೆಂಪಿಗೆ ಬಿದ್ದರೆ ಹೊರ ದೇಶದವರ ವೀಸಾ ನವೀಕರಣ ಇಲ್ಲ. ಹಸಿರು ಕಂಪನಿಯವರು ಬಂದು ಕೆಂಪು ಕಂಪನಿಯ ಕೆಲಸಗಾರರನ್ನ ಮಾಲೀಕನ ಒಪ್ಪಿಗೆ ಇಲ್ಲದೆ ಕರೆದುಕೊಂಡು ಹೋಗಬಹುದಿತ್ತು.

ಪರಿಣಾಮ ಏನಾಯಿತು? ಮೊದಲ 16 ತಿಂಗಳಲ್ಲಿ ಸುಮಾರು 63,000 ಸೌದಿಯವರಿಗೆ ಹೊಸದಾಗಿ ಕೆಲಸ ಸಿಕ್ಕಿತು, ಜೊತೆಗೆ ಸುಮಾರು 11,000 ಕಂಪನಿ ಬಾಗಿಲು ಹಾಕಿದವು ಅಂತ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಎರಡೂ ಒಟ್ಟಿಗೆ. ಇನ್ನೊಂದು ಕಾಯಿಲೆಯೂ ಶುರುವಾಯಿತು. ಮನೆಯಲ್ಲೇ ಕೂತ ಹುಡುಗನ ಹೆಸರನ್ನ ಕೆಲಸಗಾರರ ಸಾಮಾಜಿಕ ವಿಮೆ ಪುಸ್ತಕಕ್ಕೆ ಸೇರಿಸಿ, ತಿಂಗಳಿಗೆ ಇಷ್ಟು ಅಂತ ಕೊಟ್ಟು, ಕೆಲಸಕ್ಕೆ ಬರಬೇಡಪ್ಪ ಅನ್ನುವುದು. ಅದಕ್ಕೆ ಸರ್ಕಾರದವರು ಸಂಬಳಕ್ಕೆ ಗೆರೆ ಎಳೆದರು. 2021ರಿಂದ 4,000 ರಿಯಾಲ್ ಸಂಬಳ ಇದ್ದವನು ಮಾತ್ರ ಕೋಟಾ ಲೆಕ್ಕಕ್ಕೆ ಪೂರ್ತಿ ಒಂದು, 3,000ದಿಂದ ಅಲ್ಲಿ ತನಕ ಇದ್ದವನು ಅರ್ಧ. ಮನುಷ್ಯನನ್ನ ಅರ್ಧ ಅಂತ ಎಣಿಸುವುದು ಕೇಳಲು ಒಂಥರಾ ಅನಿಸುತ್ತದೆ, ಆದರೆ ಹೆಸರಿಗಷ್ಟೇ ಇಟ್ಟ ಆಳನ್ನ ಹಿಡಿಯಲು ಅದು ಕೆಲಸ ಮಾಡುತ್ತದೆ. ಅದೇ ವರ್ಷ ಇನ್ನೊಂದು ಜಾಣತನ ಮಾಡಿದರು. ಮೊದಲು 10 ಜನರಿಗಿಂತ ಕಡಿಮೆ ಇದ್ದರೆ ಒಂದು ನಿಯಮ, ದಾಟಿದರೆ ಇನ್ನೊಂದು. ಹಾಗಾದರೆ ಯಾವ ಮಾಲೀಕ ಹತ್ತನೆಯವನನ್ನ ತೆಗೆದುಕೊಳ್ಳುತ್ತಾನೆ? ಆ ಮೆಟ್ಟಿಲುಗಳನ್ನ ಒಡೆದು, ಕಂಪನಿ ಬೆಳೆದ ಹಾಗೆ ಕೋಟಾ ಮೆಲ್ಲಗೆ ಏರುವ ಸೂತ್ರ ತಂದರು. ನಮ್ಮಲ್ಲಿ 20, 30, 50 ಅಂತ ಗೆರೆ ಇರುವ ಕಡೆಯೆಲ್ಲ 19, 29, 49 ಜನ ಇರುವ ಘಟಕಗಳು ಯಾಕೆ ಅಷ್ಟೊಂದು ಕಾಣುತ್ತವೆ ಅಂತ ಯಾರೂ ನನ್ನನ್ನ ಕೇಳಬೇಡಿ.

ಇದನ್ನ ಅರಬ್ಬರ ದೇಶದ ಕಥೆ ಅಂತ ನಗಬೇಡಿ. ಜಪಾನಿನಂಥ ಶಿಸ್ತಿನ ದೇಶದಲ್ಲಿ 2018ರಲ್ಲಿ ಏನಾಯಿತು ಗೊತ್ತಾ? ಅಂಗವಿಕಲರನ್ನ ಇಷ್ಟು ಪರ್ಸೆಂಟ್ ತೆಗೆದುಕೊಳ್ಳಬೇಕು ಅಂತ ಅಲ್ಲಿ ಕಾಯ್ದೆ ಇದೆ, ಕಡಿಮೆ ಆದರೆ ಕಂಪನಿಗಳಿಂದ ತಲೆಗೆ ಇಷ್ಟು ಅಂತ ಹಣ ವಸೂಲಿ ಮಾಡುತ್ತಾರೆ. ಆ ನಿಯಮ ಹೇರಿದ ಸರ್ಕಾರದ ಇಲಾಖೆಗಳೇ 3,400ಕ್ಕೂ ಜಾಸ್ತಿ ಜನರನ್ನ ತಪ್ಪಾಗಿ ಆ ಲೆಕ್ಕಕ್ಕೆ ಸೇರಿಸಿದ್ದು ಹೊರಗೆ ಬಂತು. ಬರಿಗಣ್ಣಿಗೆ ಸರಿಯಾಗಿ ಕಾಣದವರನ್ನ, ಅಂದರೆ ಕನ್ನಡಕ ಹಾಕಿಕೊಂಡರೆ ಚೆನ್ನಾಗಿ ಕಾಣುವವರನ್ನೂ ಎಣಿಸಿಬಿಟ್ಟಿದ್ದರು. (ಇಲ್ಲಿ ನಾನು ನನ್ನ ಕನ್ನಡಕ ತೆಗೆದು ತೋರಿಸಿದೆ. ಹುಡುಗರು ನಕ್ಕರು.)

ಇರಲಿ, ಈಗ ನನ್ನ ರಿಜಿಸ್ಟರ್‌ಗೆ ಬರುತ್ತೇನೆ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಗುತ್ತಿಗೆ ಕಾರ್ಮಿಕರ ಕಾಯ್ದೆ ಪ್ರಕಾರ ಗುತ್ತಿಗೆದಾರ ಫಾರಂ 13 ಅಂತ ಒಂದು ರಿಜಿಸ್ಟರ್ ಇಡಬೇಕಿತ್ತು. ಉದ್ದನೆ ಪುಸ್ತಕ, ಹಸಿರು ರಟ್ಟು. ಅದರಲ್ಲಿ ಹೆಸರು, ವಯಸ್ಸು, ತಂದೆ ಹೆಸರು, ಕೆಲಸ ಏನು, ಸ್ವಂತ ಊರು-ತಾಲ್ಲೂಕು-ಜಿಲ್ಲೆ, ಈಗ ಉಳಿದುಕೊಂಡಿರುವ ವಿಳಾಸ, ಸೇರಿದ ದಿನ, ಹೆಬ್ಬೆಟ್ಟು ಅಥವಾ ಸಹಿ, ಬಿಟ್ಟ ದಿನ, ಬಿಟ್ಟ ಕಾರಣ. ಈಗ ನಿಮಗೆ ಲಕ್ಷಗಟ್ಟಲೆ ತೆಗೆದುಕೊಂಡು ಮಾರುವ ಸಾಫ್ಟ್‌ವೇರ್‌ನಲ್ಲಿ ಇದಕ್ಕಿಂತ ಜಾಸ್ತಿ ಏನಿದೆ ಹೇಳಿ? ಎಲ್ಲ ಕಾಲಂ ಅಲ್ಲೇ ಇದ್ದವು. ತುಂಬುತ್ತಿರಲಿಲ್ಲ, ಅಷ್ಟೇ. ಇನ್‌ಸ್ಪೆಕ್ಟರ್ ಬರುವ ಹಿಂದಿನ ರಾತ್ರಿ ಗುತ್ತಿಗೆದಾರರ ಹುಡುಗ ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ಆರು ತಿಂಗಳದ್ದು ಬರೆದು ಮುಗಿಸುತ್ತಿದ್ದ. ಬಿಟ್ಟ ಕಾರಣ ಅನ್ನುವ ಕಾಲಂನಲ್ಲಿ ಮೇಲಿನಿಂದ ಕೆಳಗಿನ ತನಕ ‘ಸ್ವಂತ ಕಾರಣ’. ಮೊದಲನೆಯದನ್ನ ಬರೆದು ಉಳಿದದ್ದಕ್ಕೆ ಎರಡು ಚುಕ್ಕೆ ಹಾಕಿರುತ್ತಿದ್ದ.

ಪಿಎಫ್ ಆನ್‌ಲೈನ್ ಆದ ಮೇಲಾದರೂ ಸುಧಾರಿಸಿತಾ? ಅಲ್ಲಿ ಬಿಟ್ಟ ಕಾರಣಕ್ಕೆ ಕೋಡ್ ಇದೆ. ಸತ್ತರೆ ಒಂದು, ನಿವೃತ್ತಿ ಆದರೆ ಒಂದು, ಶಾಶ್ವತ ಅಂಗವಿಕಲತೆ ಆದರೆ ಒಂದು. ಉಳಿದವರಿಗೆಲ್ಲ ‘ಸಿ’. ಸಂಬಳ ಸಾಲದೆ ಬಿಟ್ಟರೂ ಸಿ, ಸೂಪರ್‌ವೈಸರ್ ಬೈದದ್ದಕ್ಕೆ ಬಿಟ್ಟರೂ ಸಿ.

ಒಂದು ಮಳೆಗಾಲದಲ್ಲಿ ಉತ್ಪಾದನೆ ಕಡಿಮೆ ಇತ್ತು, ನನಗೂ ಕೆಲಸ ಕಡಿಮೆ ಇತ್ತು. ಮೂರು ವರ್ಷದ ರಿಜಿಸ್ಟರ್‌ಗಳನ್ನ ಎಕ್ಸೆಲ್‌ಗೆ ಹಾಕಲು ಕೂತೆ. ಉದ್ದೇಶ ದೊಡ್ಡದೇನಲ್ಲ. ಲೋಕಲ್ ಹುಡುಗರು ನಿಲ್ಲಲ್ಲ ಅಂತ ಮ್ಯಾನೇಜರ್‌ಗೆ ಅಂಕಿ ಸಮೇತ ತೋರಿಸಬೇಕಿತ್ತು. ನಾನೇ ಸರಿ ಅಂತ ಸಾಬೀತು ಮಾಡಲು ಹೊರಟಿದ್ದೆ.

ಮೊದಲ ವಾರ ಪೂರ್ತಿ ಊರಿನ ಹೆಸರಿಗೆ ಹೋಯಿತು. ಗಿಣಿಗೇರಾ, ಗಿಣಿಗೇರಿ, ಗಿಣಗೇರ, ಜಿ.ಗೇರಾ. ಕಂಪ್ಯೂಟರಿಗೆ ಇವು ನಾಲ್ಕು ಊರು. ಕಿನ್ನಾಳ, ಕಿನ್ಹಾಳ. ಯಲಬುರ್ಗಾ, ಯಲಬುರಗಾ. ಕೆಲವರ ಮುಂದೆ ಬರೀ ‘ತಾಂಡಾ’ ಅಂತ ಇತ್ತು, ಯಾವ ತಾಂಡಾ? ಇಂಗ್ಲಿಷಿನಲ್ಲಿ ಬರೆದದ್ದಂತೂ ಕೇಳಲೇಬೇಡಿ. ಇಲ್ಲಿ ಕೂತಿರುವ ಹುಡುಗರಿಗೆ ಹೇಳುತ್ತೇನೆ, ನಿಮಗೆ ಕಾಲೇಜಿನಲ್ಲಿ ಕಲಿಸುವ ಮಾಡೆಲ್ಲು, ಡ್ಯಾಶ್‌ಬೋರ್ಡು ಎಲ್ಲ ಆಮೇಲೆ. ಕೆಲಸದ ಮುಕ್ಕಾಲು ಪಾಲು ಗಿಣಿಗೇರಾವನ್ನ ಒಂದೇ ಊರು ಮಾಡುವುದು.

ಆಮೇಲೆ ಸೇರಿದ ದಿನ, ಬಿಟ್ಟ ದಿನ ಕಳೆದು ಎಷ್ಟು ದಿನ ಇದ್ದರು ಅಂತ ತೆಗೆದೆ. ಮೊದಲ ನೋಟಕ್ಕೆ ನನಗೆ ಖುಷಿ ಆಯಿತು. ಕೊಪ್ಪಳ ಜಿಲ್ಲೆಯವರಲ್ಲಿ ಬಿಟ್ಟವರು ಜಾಸ್ತಿ, ಬಿಹಾರ-ಜಾರ್ಖಂಡ್ ಕಡೆಯಿಂದ ಬಂದವರಲ್ಲಿ ಕಡಿಮೆ. ನೋಡಿ, ನಾನು ಹೇಳಿರಲಿಲ್ವಾ! ಅಲ್ಲಿಗೇ ಕಂಪ್ಯೂಟರ್ ಮುಚ್ಚಿ ಎದ್ದಿದ್ದರೆ ಇವತ್ತಿಗೂ ಅದೇ ಮಾತು ಹೇಳಿಕೊಂಡು ಓಡಾಡುತ್ತಿದ್ದೆ.

ಏಳಲಿಲ್ಲ, ಯಾಕೆಂದರೆ ಮಳೆ ಬರುತ್ತಿತ್ತು. ಸುಮ್ನೆ ಸ್ವಂತ ಊರಿನ ಬದಲು ‘ಈಗ ಉಳಿದುಕೊಂಡಿರುವ ವಿಳಾಸ’ದ ಕಾಲಂ ಹಿಡಿದು ಮತ್ತೆ ಲೆಕ್ಕ ಹಾಕಿದೆ. ಹೊರ ರಾಜ್ಯದವರ ವಿಳಾಸ ಎಲ್ಲರದ್ದೂ ಒಂದೇ, ಗೇಟಿನಿಂದ ನಡೆದು ಹೋಗುವ ದೂರದ ಲೇಬರ್ ಕಾಲೊನಿ. ನಮ್ಮವರದ್ದು ಹಳ್ಳಿ ಹಳ್ಳಿ. ಹಾಗಾಗಿ ನಮ್ಮವರನ್ನ ಎರಡು ಗುಂಪು ಮಾಡಿದೆ. ಹಿರೇಬಗನಾಳ, ಕುಣಿಕೇರಿ, ಗಿಣಿಗೇರಾ, ಹೀಗೆ ಸೈಕಲ್ಲಿನಲ್ಲಿ ಬರುವಷ್ಟು ಹತ್ತಿರದವರು ಒಂದು ಗುಂಪು. ಕುಕನೂರು, ಯಲಬುರ್ಗಾ, ಕುಷ್ಟಗಿ ಕಡೆಯವರು ಇನ್ನೊಂದು ಗುಂಪು. ಹತ್ತಿರದವರು ಕಾಲೊನಿಯವರ ಹಾಗೇ ನಿಂತಿದ್ದರು. ಬಿಟ್ಟವರೆಲ್ಲ ದೂರದವರು. ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಜನ ಎರಡು ತಿಂಗಳ ಒಳಗೆ ಬಿಟ್ಟಿದ್ದರು.

ಅಂದರೆ ನಾನು ಇಷ್ಟು ವರ್ಷ ಹೋಲಿಸುತ್ತಿದ್ದದ್ದು ಲೋಕಲ್ ಮತ್ತು ಹೊರಗಿನವರನ್ನ ಅಂತ ಅಂದುಕೊಂಡಿದ್ದೆ. ಹೋಲಿಸುತ್ತಿದ್ದದ್ದು ಗೇಟಿನ ಪಕ್ಕ ಮಲಗುವವನನ್ನ ಮತ್ತು 40 ಕಿಲೋಮೀಟರ್ ಓಡಾಡುವವನನ್ನ.

ಎರಡು ತಿಂಗಳೇ ಯಾಕೆ? ಇದು ರಿಜಿಸ್ಟರ್‌ನಲ್ಲಿ ಇರಲಿಲ್ಲ. ಫೋನ್ ಮಾಡಬೇಕಾಯಿತು. ನಂಬರ್ ಸಿಕ್ಕ ಕೆಲವರಿಗೆ ಮಾಡಿದೆ. ಯಲಬುರ್ಗಾ ಕಡೆಯ ಹುಡುಗನೊಬ್ಬ ಹೇಳಿದ: ‘ಸರ, ಎ ಶಿಫ್ಟ್ ಇದ್ದಾಗ ಏನೂ ತ್ರಾಸ ಇರ್ಲಿಲ್ಲ. ಬಿ ಶಿಫ್ಟ್ ರಾತ್ರಿ 10ಕ್ಕ ಬಿಡತೈತಿ. ಬಸ್ ಎಲ್ಲೈತ್ರಿ? ಬಸ್ ಸ್ಟ್ಯಾಂಡಿನ್ಯಾಗ ಮಕ್ಕೊಂತಿದ್ದೆ. ಮೂರನೇ ಸಲ ಪೊಲೀಸ್ರು ಎಬ್ಬಿಸಿದ್ರು, ಬಿಟ್ಟೆ.’ ಹೊಸಬರಿಗೆ ತರಬೇತಿ ಅಂತ ಮೊದಲ ತಿಂಗಳು ನಾವು ಹಗಲು ಶಿಫ್ಟ್ ಹಾಕುತ್ತಿದ್ದೆವು. ಎರಡನೇ ತಿಂಗಳಿಂದ ಸರದಿ. ಅಲ್ಲಿಗೆ ಲೆಕ್ಕ ಕೂಡಿಬಂತು. ಆ ಹುಡುಗನ ಹೆಸರಿನ ಮುಂದೆ ನಮ್ಮ ಪುಸ್ತಕದಲ್ಲಿ ಇದ್ದದ್ದು ಎರಡು ಚುಕ್ಕೆ.

ಇನ್ನೊಂದು ವಿಷಯವೂ ಕಂಡಿತು, ಇದು ನಿಮಗೆಲ್ಲ ಗೊತ್ತಿರುವುದೇ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ವಾರ ಹಾಜರಿ ಬಿದ್ದುಬಿಡುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ನಾಟಿ ಶುರು, ಗುಂಪಾಗಿ ಗುತ್ತಿಗೆ ಹಿಡಿದು ಹೋದರೆ ದಿನಕ್ಕೆ ನಮ್ಮ ಕೂಲಿಗಿಂತ ಜಾಸ್ತಿ. ಜನವರಿಯಲ್ಲಿ ಗವಿಮಠದ ಜಾತ್ರೆ ವಾರ ಮತ್ತೆ ಬೀಳುತ್ತದೆ. ಪ್ರತಿ ವರ್ಷ ಆ ವಾರಗಳಲ್ಲಿ ನಾವು ಗಾಬರಿಯಾಗಿ ಗುತ್ತಿಗೆದಾರನಿಗೆ ಫೋನ್ ಹಚ್ಚುತ್ತಿದ್ದೆವು, ಅವನು ಹೊರಗಿನಿಂದ ಜನ ತರುತ್ತಿದ್ದ, ಬಂದವರು ಉಳಿದುಬಿಡುತ್ತಿದ್ದರು, ನಾಟಿ ಮುಗಿಸಿ ನಮ್ಮ ಹುಡುಗ ವಾಪಸ್ ಬಂದರೆ ಜಾಗ ಇರುತ್ತಿರಲಿಲ್ಲ. ಇದೂ ‘ಬಿಟ್ಟು ಹೋದ’ ಅಂತಲೇ ದಾಖಲೆ. ಡ್ಯಾಮಿನಿಂದ ನೀರು ಬಿಡುವ ದಿನ ಪೇಪರಿನಲ್ಲಿ ಮೊದಲೇ ಬರುತ್ತದೆ. ಪಂಚಾಂಗದಲ್ಲಿ ಜಾತ್ರೆ ಇರುತ್ತದೆ. ಮೆಷಿನ್ ಮೆಂಟೆನೆನ್ಸಿಗೆ ಯಾವ ವಾರ ಶಟ್‌ಡೌನ್ ಅಂತ ನಿರ್ಧರಿಸುವವರು ಇದನ್ನ ಯಾಕೆ ನೋಡಬಾರದು?

ಇಷ್ಟೆಲ್ಲ ಬರೆದು ಒಯ್ದೆ. ಏನಾಯಿತು ಅಂತ ಕೇಳುತ್ತೀರಿ. ರಾತ್ರಿ ಬಸ್ ಇಡಿ ಅಂದೆ, ಖರ್ಚು ಅಂದರು. ಹೋಗಲಿ, ಒಂದೇ ದಿಕ್ಕಿನ ಹಳ್ಳಿಯವರನ್ನ ಒಂದೇ ಶಿಫ್ಟಿಗೆ ಹಾಕೋಣ, ಅವರೇ ಒಂದು ಟಂಟಂ ಆಟೊ ಮಾತಾಡಿಕೊಳ್ಳುತ್ತಾರೆ ಅಂದೆ. ಇದಕ್ಕೆ ಪೈಸೆ ಖರ್ಚಿಲ್ಲ, ಒಪ್ಪಿದರು. ಕುಕನೂರು ಕಡೆಯವರಿಗೆ ಅದು ಚೆನ್ನಾಗಿ ನಡೆಯಿತು. ಕುಷ್ಟಗಿ ಕಡೆ ನಡೆಯಲಿಲ್ಲ, ಆ ಕಡೆಯವರು ಟಂಟಂ ತುಂಬುವಷ್ಟು ಜನ ಇರಲಿಲ್ಲ. ನಾಟಿ ವಾರದ ಶಟ್‌ಡೌನ್ ಮಾತು ಮೀಟಿಂಗಿನಲ್ಲೇ ಉಳಿಯಿತು. ಅಷ್ಟರಲ್ಲಿ ನನಗೆ ಬೇರೆ ಕಡೆ ವರ್ಗ ಆಯಿತು. ಆದರೆ ಒಂದು ಆಯಿತು, ಆಮೇಲೆ ಆ ಆಫೀಸಿನಲ್ಲಿ ‘ಲೋಕಲ್ ಹುಡುಗರು ನಿಲ್ಲಲ್ಲ’ ಅಂತ ಯಾರಾದರೂ ಅಂದರೆ ‘ಎಷ್ಟು ಕಿಲೋಮೀಟರಿನ ಲೋಕಲ್ಲು?’ ಅಂತ ಕೇಳುವ ಒಬ್ಬ ಗುಮಾಸ್ತ ತಯಾರಾಗಿದ್ದ.

ನೇಮಕಾತಿ ಜಾಹೀರಾತಿನ ಬಗ್ಗೆಯೂ ಒಂದು ಮಾತು. ಕ್ರೇನ್ ಆಪರೇಟರ್ ಬೇಕು, ಡಿಪ್ಲೊಮಾ ಆಗಿರಬೇಕು, ಎರಡು ವರ್ಷ ಅನುಭವ ಇರಬೇಕು, ಇಂಗ್ಲಿಷ್ ಬರಬೇಕು ಅಂತ ಹಾಕುತ್ತೇವೆ. ಯಾರೋ ಎಂದೋ ಬರೆದದ್ದು, ಪ್ರತಿ ಸಲ ಕಾಪಿ. ಒಂದು ಸಲ ನಮ್ಮಲ್ಲಿ ಚೆನ್ನಾಗಿ ಕೆಲಸ ಮಾಡುವ ಆಪರೇಟರ್‌ಗಳ ಹಳೇ ಅರ್ಜಿ ತೆಗೆದು ಆ ಜಾಹೀರಾತಿನ ಪಕ್ಕ ಇಟ್ಟೆ. ಎಲ್ಲರಿಗಿಂತ ನಂಬಿಕಸ್ಥ ಮನುಷ್ಯ, ಹೊಸಪೇಟೆಯವರು, ಎಸ್ಸೆಸ್ಸೆಲ್ಸಿ ಫೇಲ್, ಗಣಿ ಲಾರಿ ಕ್ಲೀನರ್ ಆಗಿದ್ದವರು. ಇವತ್ತು ಅವರೇ ಅರ್ಜಿ ಹಾಕಿದರೆ ನಾನೇ ತೆಗೆದು ಪಕ್ಕಕ್ಕೆ ಇಡಬೇಕು. ಕ್ರೇನಿಗೆ ಇಂಗ್ಲಿಷ್ ಯಾಕೆ ಬೇಕು ಅಂತ ಕೇಳಿದರೆ, ಪ್ಯಾನೆಲ್ ಮೇಲೆ ಆರು ಗುಂಡಿಯ ಹೆಸರು ಇಂಗ್ಲಿಷಿನಲ್ಲಿದೆ ಅಂದರು. ಆರು ಗುಂಡಿಗೆ ಕನ್ನಡದ ಚೀಟಿ ಅಂಟಿಸಿದೆವು. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ 60ರ ಹತ್ತಿರ, ರಾಜ್ಯದ್ದು ಶೇ 75. ಇಂಥ ಕಡೆ ಜಾಹೀರಾತಿನ ಒಂದು ಬೇಡದ ಸಾಲು ಎಷ್ಟು ಜನರನ್ನ ಗೇಟಿನ ಆಚೆಯೇ ನಿಲ್ಲಿಸುತ್ತದೆ ನೀವೇ ಯೋಚಿಸಿ.

ಅಂಗವಿಕಲರ ವಿಷಯ ಬೇಗ ಹೇಳಿ ಮುಂದೆ ಹೋಗುತ್ತೇನೆ. 2016ರ ಕಾಯ್ದೆ ಪ್ರಕಾರ ಸರ್ಕಾರಿ ಹುದ್ದೆಗಳಲ್ಲಿ ಶೇ 4 ಮೀಸಲು, ಖಾಸಗಿಯಲ್ಲಿ ಶೇ 5 ತಲುಪಲು ಪ್ರೋತ್ಸಾಹ. ಈ ಲೆಕ್ಕ ಹಾಕಲು ಯಾರಿಗೆ ಏನು ಕೊರತೆ ಇದೆ ಅಂತ ಗೊತ್ತಿರಬೇಕು. ಜಾತಿ ಲೆಕ್ಕಕ್ಕೂ ಹಾಗೇ. ಇಲ್ಲೇ ನಾವು ಬಹಳ ಸಡಿಲ. ಜಾತಿ ಪ್ರಮಾಣಪತ್ರ, ಆಧಾರ್, ವೈದ್ಯಕೀಯ ಸರ್ಟಿಫಿಕೇಟ್ ಎಲ್ಲ ಗುತ್ತಿಗೆದಾರರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಓಡಾಡುತ್ತವೆ, ಅದೇ ಗ್ರೂಪಿನಲ್ಲಿ ಶುಭೋದಯದ ಹೂವು. 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಗೆ ಕಾಯ್ದೆ ಆಗಿದೆ. ಕಾಯ್ದೆ ಬಿಡಿ, ಒಬ್ಬ ಹುಡುಗಿ ತನ್ನ ಒಂದು ಕಿವಿ ಕೇಳಲ್ಲ ಅಂತ ನಿಮಗೆ ನಂಬಿ ಹೇಳಿದರೆ ಅದು ಕ್ಯಾಂಟೀನಿನ ತನಕ ಹೋಗಬಾರದು. ಹೋದರೆ ಮುಂದಿನವಳು ಹೇಳುವುದಿಲ್ಲ, ನಿಮ್ಮ ಅಂಕಿಯೂ ತಪ್ಪುತ್ತದೆ.

ಉದ್ಯೋಗ ವಿನಿಮಯ ಕೇಂದ್ರದ ಬಗ್ಗೆ ಯಾರೋ ಚೀಟಿ ಕಳಿಸಿದ್ದಾರೆ. 1959ರ ಕಾಯ್ದೆಯಲ್ಲಿ 25 ಮತ್ತು ಜಾಸ್ತಿ ಜನ ಇರುವ ಖಾಸಗಿ ಉದ್ಯಮ ಖಾಲಿ ಹುದ್ದೆಗಳನ್ನ ಕೇಂದ್ರಕ್ಕೆ ತಿಳಿಸಬೇಕು, ಮೂರು ತಿಂಗಳಿಗೊಮ್ಮೆ ಇಆರ್-1 ಅಂತ ವರದಿ ಕೊಡಬೇಕು ಅಂತ ಇತ್ತು. ಅದರಲ್ಲಿ ಎಷ್ಟು ಜನ ಇದ್ದಾರೆ, ಎಷ್ಟು ಜಾಗ ಖಾಲಿ, ಯಾವ ಕೆಲಸಕ್ಕೆ ಜನ ಸಿಗುತ್ತಿಲ್ಲ ಅನ್ನುವುದೂ ಇತ್ತು. ಆ ಕೊನೇ ಕಾಲಂ ಒಂದನ್ನ ಎಲ್ಲರೂ ಮನಸ್ಸಿಟ್ಟು ತುಂಬಿದ್ದರೆ, ಯಾವ ಐಟಿಐನಲ್ಲಿ ಯಾವ ಟ್ರೇಡ್ ಬೇಕು ಅಂತ ಗೊತ್ತಾಗಲು ಬೇರೆ ಸಮೀಕ್ಷೆಯೇ ಬೇಕಿರಲಿಲ್ಲ. ನಾನು ತುಂಬಿದ್ದು? ‘ನಿಲ್’.

ಕೊನೆಗೆ ಪ್ರಶ್ನೆ ಕೇಳಿ ಅಂದೆ. ಗಂಗಾವತಿಯ ರೈಸ್ ಮಿಲ್ ಸಾವ್ಕಾರರೊಬ್ಬರು ಎದ್ದರು. ‘ನಮ್ಮಲ್ಲಿ 22 ಮಂದಿ ಅದಾರ್ರಿ. ಎಕ್ಸೆಲ್ಲು ಬರಂಗಿಲ್ಲ, ಎಚ್‌ಆರ್ ಇಲ್ಲ. ನಮಗ ಇದರಾಗ ಏನೈತಿ?’

ಒಂದು ನೂರು ಪುಟದ ನೋಟ್‌ಬುಕ್ ತಗೊಳ್ರಿ ಅಂದೆ. ಐದು ಗೆರೆ ಹೊಡೆಯಿರಿ. ಹೆಸರು, ರಾತ್ರಿ ಎಲ್ಲಿ ಮಲಗುತ್ತಾನೆ, ಯಾರ ಮೂಲಕ ಬಂದ, ಸೇರಿದ ದಿನ, ಬಿಟ್ಟ ದಿನ. ಆರನೆಯದು ಬಿಟ್ಟ ಕಾರಣ, ಅದನ್ನ ಅವನ ಬಾಯಿಂದ ಕೇಳಿಯೇ ಬರೆಯಬೇಕು, ನೀವು ಊಹೆ ಮಾಡಬಾರದು. 22 ಮಂದಿಯಲ್ಲಿ ಪರ್ಸೆಂಟ್ ಲೆಕ್ಕ ಹಾಕಲು ಹೋಗಬೇಡಿ, ಒಬ್ಬ ಬಿಟ್ಟರೆ ಅಂಕಿ ಕುಣಿಯುತ್ತದೆ. ಸುಮ್ನೆ ಓದಿ ಸಾಕು.

‘ಹೇಳದೇ ಹೋದವನನ್ನ ಹೆಂಗ ಕೇಳೂದು?’

ಫೋನ್ ನಂಬರ್ ಇರತೈತಲ್ರಿ, ಕೇಳ್ರಿ.

ಚಹಾ ಕುಡಿಯುವಾಗ ಅವರು ನನ್ನ ಹತ್ತಿರ ಬಂದರು. ಕೈಯಲ್ಲಿ ಮಿರ್ಚಿ, ಇನ್ನೊಂದು ಕೈಯಲ್ಲಿ ಫೋನು. ‘ಹೋದ ತಿಂಗಳು ಒಬ್ಬ ಹೋದ್ನಲ್ರಿ, ಛಲೋ ಹುಡುಗ. ಈಗ್ಲೇ ಕೇಳೇಬಿಡ್ತೀನಿ’ ಅಂದು ಸ್ಪೀಕರಿಗೆ ಹಾಕಿ ನಂಬರ್ ಒತ್ತಿದರು. ಸುತ್ತ ನಾಲ್ಕೈದು ಜನ ಸೇರಿದರು. ಮೂರು ಸಲ ರಿಂಗ್ ಆಯಿತು. ಆ ಕಡೆಯಿಂದ ಹುಡುಗ ಎತ್ತಿದ, ಹಿಂದೆ ಯಾವುದೋ ಕಾಂಕ್ರೀಟ್ ಮಿಕ್ಸರಿನ ಸದ್ದು.

‘ಏನಪಾ, ಆರಾಮ ಅದೀಯಾ? ಕೆಲಸ ಯಾಕ ಬಿಟ್ಟಿ ಅಂತ ಕೇಳೂನಂತ ಮಾಡಿದೆ.’

‘ಹಾಂ ಸಾವ್ಕಾರ್ರ, ನಮಸ್ಕಾರ್ರಿ. ಛಲೋ ಆತು ನೀವ ಫೋನ್ ಮಾಡಿದ್ರಿ. ನಂದು ಒಂಬತ್ತು ದಿನದ ಪಗಾರ ಬಾಕಿ ಐತಲ್ರಿ, ಯಾವಾಗ ಹಾಕ್ತೀರಿ?’

ಸಾವ್ಕಾರರು ಗಡಬಡಿಸಿ ಸ್ಪೀಕರ್ ಆಫ್ ಮಾಡಿ, ಫೋನ್ ಕಿವಿಗೆ ಹಚ್ಚಿಕೊಂಡು, ಬಾಗಿಲ ಆಚೆ ಹೋದರು. ಮಿರ್ಚಿ ತಟ್ಟೆ ಅಲ್ಲೇ ಕಿಟಕಿ ಮೇಲೆ ಉಳಿಯಿತು.